ಬುಧವಾರದ ಕುಂಟೆಬಿಲ್ಲೆ

ದಪ್. ದಪ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ದಪ್, ಅದರ ಬೆನ್ನಿಗೇ ಎರಡೂ ಕಾಲು ಒಟ್ಟಿಗೆ ಊರಿದ ಧಡ್.

ನನ್ನ ತಲೆಯ ಮೇಲೆ, ಅಂದರೆ ಮೇಲಿನ ಮನೆಯ ನೆಲದ ಮೇಲೆ ಆಗುತ್ತಿದ್ದ ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಸ್ವೀಡನ್ನಿನ ಲಿಂಕೋಪಿಂಗ್ ಊರಿನ ನಮ್ಮ ಕಟ್ಟಡದಲ್ಲಿ ಸದ್ದು ಎನ್ನುವುದೇ ಒಂದು ನ್ಯೂಸ್. ಇಲ್ಲಿನ ಜನ ಬಾಗಿಲನ್ನು ಕೂಡ ನಿದ್ದೆಹೋದ ಮಗುವನ್ನು ಹಾಸಿಗೆಗೆ ಇಳಿಸುವ ಹಾಗೆ ಮೆಲ್ಲಗೆ ಮುಚ್ಚುತ್ತಾರೆ. ಈಗ ಮೇಲಿನ ಮನೆಗೆ ಯೂನಿವರ್ಸಿಟಿಯ ಹುಡುಗನೊಬ್ಬ ಬಂದಿದ್ದಾನೆ. ಉಣ್ಣೆಯ ದಪ್ಪ ಸಾಕ್ಸ್ ಹಾಕಿಕೊಂಡು ಬೆಕ್ಕಿನಂತೆ ಓಡಾಡುತ್ತಾನೆ. ತುಂಬಾ ಒಳ್ಳೆಯ ನೆರೆಯವನು, ಅದಕ್ಕೇ ನನಗೆ ಬೇಜಾರು. ಬುಧವಾರ ಬೆಳಿಗ್ಗೆ ಕಾಫಿ ಹಿಡಿದು ಕೂತಾಗ ಸೂರು ನೋಡುವ ಅಭ್ಯಾಸ ಮಾತ್ರ ಹೋಗಿಲ್ಲ.

ಮೊದಲ ಸಲ ಆ ಸದ್ದು ಕೇಳಿದಾಗಲೇ ನನಗೆ ಅದು ಏನೆಂದು ತಿಳಿಯಿತು. ಬಳ್ಳಾರಿಯ ಬಿಸಿಲಲ್ಲಿ ಬೆಳೆದ ಹುಡುಗಿಗೆ ಆ ತಾಳ ಮರೆಯುವುದುಂಟೇ. ಒಂಟಿಕಾಲು, ಒಂಟಿಕಾಲು, ಬಗ್ಗಿ ಬಿಲ್ಲೆ ಎತ್ತಿಕೊಳ್ಳುವಷ್ಟು ಹೊತ್ತು ಮೌನ, ಆಮೇಲೆ ಮನೆಗೆ ಬಂದು ಎರಡೂ ಕಾಲು ಊರುವುದು. ಕುಂಟೆಬಿಲ್ಲೆ. ನಾವು ಮಧ್ಯಾಹ್ನದ ಕಾದ ನೆಲದ ಮೇಲೆ ಆಡುತ್ತಿದ್ದೆವು. ಇನ್ನೊಂದು ಕಾಲು ಊರಿದರೆ ಆಟವೂ ಹೋಯಿತು, ಅಂಗಾಲೂ ಸುಟ್ಟಿತು. ಇಂಥ ನಮ್ಮ ಕುಂಟೆಬಿಲ್ಲೆ ಜನವರಿಯ ಸ್ವೀಡನ್ನಿನಲ್ಲಿ, ಹೊರಗೆ ಬೆಳಕೇ ಸರಿಯಾಗಿ ಹರಿಯದ ಹೊತ್ತಿನಲ್ಲಿ, ನನ್ನ ಸೂರಿನ ಮೇಲೆ ನಡೆಯುತ್ತಿತ್ತು. ಸಂತೋಷವಾಯಿತು. ಆಮೇಲೆ, ಟೀಚರ್ ಆಗಿದ್ದವಳ ಬುದ್ಧಿ ನೋಡಿ, ಗಡಿಯಾರ ನೋಡಿದೆ. ಹತ್ತು ಗಂಟೆ. ಸ್ಕೂಲಿನ ದಿನ. ಈ ಮಗು ಮನೆಯಲ್ಲಿ ಏನು ಮಾಡುತ್ತಿದೆ?

ನನ್ನ ಟೀಚರಿಕೆಯ ವಿಷಯ ಒಂದಿಷ್ಟು ಹೇಳಿಬಿಡಬೇಕು, ಇಲ್ಲದಿದ್ದರೆ ನೀವು ನನ್ನನ್ನು ಬರೀ ಕಿವಿಗೊಡುವ ಮುದುಕಿ ಅಂದುಕೊಳ್ಳುತ್ತೀರಿ. ನನ್ನ ಯಜಮಾನರಿಗೆ ಇಲ್ಲಿನ ಯೂನಿವರ್ಸಿಟಿಯಲ್ಲಿ ಕೆಲಸ ಸಿಕ್ಕಿತೆಂದು ನಾವು ಈ ಊರಿಗೆ ಬಂದದ್ದು. ಆಗ ಇಲ್ಲಿ ಕೊತ್ತಂಬರಿ ಸೊಪ್ಪು ಕಂಡರೆ ಫೋನ್ ಮಾಡಿ ಹೇಳುವ ಕಾಲ. ಸ್ವೀಡನ್ನಿನ ಸ್ಕೂಲುಗಳಲ್ಲಿ ಹೊರಗಿನಿಂದ ಬಂದ ಮಕ್ಕಳಿಗೆ ಅವರವರ ಮನೆಮಾತನ್ನು ಕಲಿಸುವ ಒಂದು ಒಳ್ಳೆಯ ಪದ್ಧತಿಯಿದೆ. ಕನ್ನಡಕ್ಕೆ ಯಾರೂ ಸಿಗದೆ ಕೊಮ್ಯೂನಿನವರು, ಅಂದರೆ ನಮ್ಮ ಮುನಿಸಿಪಾಲಿಟಿಯವರು, ನನ್ನನ್ನು ಹಿಡಿದರು. ಕಾಂಪೌಂಡಿನೊಳಗೆ ಕನ್ನಡದಲ್ಲಿ ಸೀನಿದರೂ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿದವಳು ನಾನು. ಪದ್ಯಗಳಿಗಿಂತ ಟೇಬಲ್ ಮ್ಯಾನರ್ಸ್ ಚೆನ್ನಾಗಿ ಬರುತ್ತಿತ್ತು. ಅಂಥವಳು ಸೈಕಲ್ಲಿನ ಬುಟ್ಟಿಯಲ್ಲಿ ಅಕ್ಷರಮಾಲೆಯ ಚಾರ್ಟ್ ಸುತ್ತಿಟ್ಟುಕೊಂಡು, ಸ್ನೋ ಬೀಳುವಾಗ, ಒಂದು ಸ್ಕೂಲಿನಿಂದ ಇನ್ನೊಂದಕ್ಕೆ ಹೋಗಿ ಅ ಆ ಇ ಈ ಹೇಳಿಕೊಟ್ಟೆ. ನಮ್ಮ ಸಿಸ್ಟರ್ ಬೆನಿಟಾ ನೋಡಿದ್ದರೆ ಜಪಮಾಲೆ ಕೈಜಾರಿ ಬೀಳುತ್ತಿತ್ತು.

ಮೇಲಿನ ಮನೆಯವರು ದಾವಣಗೆರೆಯ ಕಡೆಯವರು. ಶಿವಕುಮಾರ್ ಸಾಫ್ಟ್‌ವೇರ್ ಟೆಸ್ಟಿಂಗಿನಲ್ಲಿದ್ದ. ಹೆಂಡತಿ ಲತಾ, ಮೂರನೇ ಕ್ಲಾಸಿನ ಮಗಳು ಧೃತಿ. ನಾನು ರಿಟೈರ್ ಆದಮೇಲೆ ಬಂದ ಕುಟುಂಬ, ಹಾಗಾಗಿ ಧೃತಿ ನನ್ನ ಸ್ಟೂಡೆಂಟ್ ಅಲ್ಲ, ಬರೀ ಮೆಟ್ಟಿಲ ಗೆಳತಿ. ಅವತ್ತು ಒಂದು ಬಟ್ಟಲು ಶ್ಯಾವಿಗೆ ಪಾಯಸ ನೆಪಕ್ಕೆ ಹಿಡಿದು ಮೇಲೆ ಹೋದೆ. ಧೃತಿಯೇ ಬಾಗಿಲು ತೆಗೆದಳು. ಒಳಗಿನ ರೂಮಿನಲ್ಲಿ ಅವಳಪ್ಪ ಬಾಗಿಲು ಹಾಕಿಕೊಂಡು ಯಾರಿಗೋ ಇಂಗ್ಲಿಷಿನಲ್ಲಿ ತನ್ನ ಸ್ಟ್ರೆಂತ್‌ಗಳನ್ನು ವಿವರಿಸುತ್ತಿದ್ದ. ಲತಾ ಮನೆಯಲ್ಲಿರಲಿಲ್ಲ.

"ಹುಷಾರಿಲ್ವೇನೇ ಪುಟ್ಟಿ?"

"ಫೀವರ್," ಎಂದಳು.

ಹಣೆ ಮುಟ್ಟಿದೆ. ನನ್ನ ಕೈಗಿಂತ ತಣ್ಣಗಿತ್ತು.

"ಈ ಜ್ವರ ಕುಣಿಯುತ್ತಾ?"

ಅವಳು ನೆಲಕ್ಕೆ ಅಂಟಿಸಿದ್ದ ಟೇಪಿನ ಮನೆಗಳನ್ನು ನೋಡಿದಳು, ನನ್ನನ್ನು ನೋಡಿದಳು, ಪಾಯಸ ನೋಡಿದಳು. ಪಾಯಸ ಗೆದ್ದಿತು.

"ಅಜ್ಜಿ, ವೆಡ್ನೆಸ್‌ಡೇ ಐಸ್ ಸ್ಕೇಟಿಂಗ್. ಮೈ ಹೋಲ್ ಕ್ಲಾಸ್ ಗೋಸ್. ನಂಗೆ ಸ್ಕೇಟ್ಸ್ ಇಲ್ಲ. ಅದಕ್ಕೆ ಅಮ್ಮ ಸ್ಕೂಲ್ ಆ್ಯಪ್‌ನಲ್ಲಿ ಫೀವರ್ ಅಂತ ಒತ್ತಿದ್ರು."

"ಸ್ಕೂಲಲ್ಲೇ ಕೊಡ್ತಾರಲ್ಲೇ, ಇಲ್ದೋರಿಗೆ?"

"ಕೊಡ್ತಾರೆ. ಬಟ್ ಪಪ್ಪ ಸೇಸ್, ಯಾರ ಹತ್ರನೂ ಕೇಳಬಾರದು."

ಕೆಳಗೆ ಬಂದು ಕೂತೆ. ಬುಧವಾರ ಎನ್ನುವುದೇ ನನಗೆ ಒಂಥರಾ ದಿನ. ನಮ್ಮ ಕಾನ್ವೆಂಟಿನಲ್ಲಿ ಬುಧವಾರ ವೈಟ್ ಡ್ರೆಸ್, ವೈಟ್ ಕ್ಯಾನ್ವಾಸ್ ಶೂ. ಮಂಗಳವಾರ ಸಂಜೆ ಊರಿಗೆ ಊರೇ ಶೂಗೆ ಬಿಳಿ ಬಳಿಯುತ್ತಿತ್ತು. ಪಾಲಿಷ್ ಮುಗಿದಿದ್ದರೆ ಸೀಮೆಸುಣ್ಣ. ಬೆಳಿಗ್ಗೆ ನಡೆದರೆ ಹಿಂದೆ ಪುಡಿಯ ಒಂದು ಗೆರೆ, ಕೇರಮ್ ಬೋರ್ಡಿನ ಮೇಲೆ ನಡೆದ ಹಾಗೆ. ನನ್ನ ಪಕ್ಕ ಕೂರುತ್ತಿದ್ದ ರುಕ್ಮಿಣಿಗೆ ಬುಧವಾರ ಬಂದರೆ ಹೊಟ್ಟೆನೋವು. ವರ್ಷದ ಮೊದಲ ಕೆಲವು ತಿಂಗಳು ಆ ಹೊಟ್ಟೆನೋವನ್ನು ನಾವೆಲ್ಲ ನಂಬಿದ್ದೆವು. ನಂಬದಿದ್ದವರು ಸಿಸ್ಟರ್ ಬೆನಿಟಾ ಒಬ್ಬರೇ. ಒಂದು ಮಂಗಳವಾರ ಅವರು ಕಪಾಟಿನಿಂದ ಒಂದು ಜೊತೆ ಶೂ ತೆಗೆದು, ಸಿಟ್ಟಿನಲ್ಲೇ, "ರುಕ್ಮಿಣಿ, ದೀಸ್ ಶೂಸ್ ಹ್ಯಾವ್ ಗಾನ್ ಸ್ಟಿಫ್. ಹಾಕಿ ಸಡಿಲ ಮಾಡಿ ಕೊಡು, ಐ ಹ್ಯಾವ್ ನೋ ಟೈಮ್," ಎಂದರು. ರುಕ್ಮಿಣಿ ಸ್ಕೂಲು ಮುಗಿಯುವವರೆಗೂ ಅದನ್ನು ಸಡಿಲ ಮಾಡುತ್ತಲೇ ಇದ್ದಳು. ಹೊಟ್ಟೆನೋವು ಮತ್ತೆ ಬರಲಿಲ್ಲ. ಸಿಸ್ಟರ್ ಬಗ್ಗೆ ನನಗೆ ಹಲವು ದೂರುಗಳಿವೆ, ಬೆಂಚೂ ಸೇರಿದಂತೆ. ಆದರೆ ಆ ಸಿಟ್ಟಿನಂಥ ನಯ ನಾನು ಆಮೇಲೆ ಎಲ್ಲೂ ನೋಡಲಿಲ್ಲ.

ವನಜಾಗೆ ಫೋನ್ ಮಾಡಿದೆ. ಅವಳು ಮೈಸೂರಿನವಳು, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡಿ ರಿಟೈರ್ ಆದವಳು. ಈ ಊರಿನ ಕನ್ನಡದ ಹೆಂಗಸರೆಲ್ಲರಿಗೂ ಪಂಚಾಂಗ, ಪತ್ರಿಕೆ, ಪೊಲೀಸ್ ಮೂರೂ ಅವಳೇ.

"ನಿಂಗೆ ಗೊತ್ತಿಲ್ವೇನೇ ಇಂದೂ? ತಲೆ ಮೇಲೇ ಇದಾರೆ," ಎಂದು ಶುರುಮಾಡಿದಳು. "ಕ್ರಿಸ್‌ಮಸ್‌ಗೆ ಮುಂಚೆ ಶಿವಕುಮಾರ್ ಕೆಲಸ ಹೋಯ್ತು. ಮೂರು ತಿಂಗಳೊಳಗೆ ಇನ್ನೊಂದು ಸಿಗಲಿಲ್ಲ ಅಂದ್ರೆ ಇಲ್ಲಿರೋ ವರ್ಕ್ ಪರ್ಮಿಟ್ಟೂ ಹೋಗುತ್ತೆ. ಲತಾ ಬೆಳಿಗ್ಗೆ ಹೋಗಿ ಒಂದು ಲಂಚ್ ರೆಸ್ಟೋರೆಂಟಲ್ಲಿ ಪಾತ್ರೆ ತೊಳೀತಿದಾಳೆ. ಈ ತಿಂಗಳ ಕೊನೆಗೆ ತಾಯಿ ಮಗಳು ಇಬ್ಬರನ್ನೂ ದಾವಣಗೆರೆಗೆ ಕಳಿಸಿಬಿಡ್ತೀನಿ ಅಂತಿದಾನಂತೆ."

"ವರ್ಷದ ಮಧ್ಯದಲ್ಲಾ? ಆ ಮಗು ಇಲ್ಲೇ ಶಿಶುವಿಹಾರಕ್ಕೆ ಹೋಗಿ ಬೆಳೆದಿದೆ, ಓದೋದು ಬರೆಯೋದು ಎಲ್ಲ ಸ್ವೀಡಿಷ್. ಅಲ್ಲಿ ಯಾವ ಸ್ಕೂಲು, ಯಾವ ಕ್ಲಾಸಿಗೆ ತಗೊಳ್ಳುತ್ತೆ?"

"ಅದನ್ನ ನೀನು ಹೋಗಿ ಅವನಿಗೆ ಹೇಳು. ನೀನು ಟೀಚರ್ರು."

ಹೇಳಲು ಹೋದೆ. ಸಿಸ್ಟರ್ ಬೆನಿಟಾ ಅವರ ಟೆಕ್ನಿಕ್ಕನ್ನೇ ಬಳಸಿದೆ. "ಶಿವಕುಮಾರ್, ನಮ್ಮ ಸ್ನೇಹಿತೆಯ ಮೊಮ್ಮಗಳ ಸ್ಕೇಟ್ಸ್ ಒಂದು ಜೊತೆ ಸ್ಟೋರ್ ರೂಮಲ್ಲಿ ಬಿಗಿದುಕೊಂಡು ಕೂತಿವೆಯಪ್ಪ. ಧೃತಿ ಸ್ವಲ್ಪ ಸಡಿಲ ಮಾಡಿಕೊಟ್ಟರೆ…"

ಅವನು ಬಹಳ ಗೌರವದಿಂದ ನಕ್ಕ. "ಥ್ಯಾಂಕ್ಸ್ ಆಂಟಿ. ವೀ ಆರ್ ಫೈನ್."

ಸಿಟ್ಟು ಬೆರೆಸುವುದನ್ನು ಮರೆತಿದ್ದೆ ಎಂದು ಮೆಟ್ಟಿಲಿಳಿಯುವಾಗ ಹೊಳೆಯಿತು. ಅದಲ್ಲದೆ, ಕಷ್ಟದಲ್ಲಿರುವ ಗಂಡಸಿನ "ವೀ ಆರ್ ಫೈನ್" ಎಂಬ ಮಾತಿಗೆ ಯಾವ ಕಾನ್ವೆಂಟಿನಲ್ಲೂ ಉತ್ತರ ಹೇಳಿಕೊಟ್ಟಿಲ್ಲ.

ಉಪಾಯ ಹುಡುಕಿದವಳು ವನಜಾ. "ಮುಂದಿನ ವಾರ ಸಂಕ್ರಾಂತಿ. ಎಳ್ಳು ಬೀರೋಕೆ ಹೋಗೋಣ. ಎಳ್ಳಿನ ಜೊತೆ ಸ್ಕೇಟ್ಸ್ ಇಟ್ಟು, ಅರಿಶಿನ ಕುಂಕುಮ ಕೊಟ್ಟುಬಿಡೋಣ. ಹಬ್ಬದ ದಿನ ಅರಿಶಿನ ಕುಂಕುಮದ ಜೊತೆ ಕೊಟ್ಟಿದ್ದನ್ನ ಬೇಡ ಅನ್ನೋ ಹೆಂಗಸು ಇನ್ನೂ ಹುಟ್ಟಿಲ್ಲ. ಗಂಡಸರನ್ನ ಯಾರು ಕೇಳಿದ್ರು?"

"ನಾನು ಕುಂಕುಮ ಕೊಡೋ ಹಾಗಿಲ್ವಲ್ಲೇ," ಎಂದೆ. ಯಜಮಾನರು ಹೋದಮೇಲೆ ಇಂಥ ಕಡೆ ನಾನೇ ಒಂದು ಹೆಜ್ಜೆ ಹಿಂದೆ ನಿಲ್ಲುತ್ತೇನೆ, ಯಾರೂ ಹೇಳದಿದ್ದರೂ.

"ನೀನು ಕೊಬ್ಬರಿ ಹೆಚ್ಚು. ಬಾಯಿ ಮುಚ್ಚಿಕೊಂಡು ಹೆಚ್ಚು," ಎಂದಳು ವನಜಾ. ಅವಳ ಸಮಾಧಾನಗಳೆಲ್ಲ ಹೀಗೇ.

ಅಳತೆ ಬೇಕಾಯಿತು. ಈ ದೇಶಕ್ಕೂ ನಮಗೂ ಇರುವ ದೊಡ್ಡ ಹೊಂದಾಣಿಕೆಯೆಂದರೆ ಚಪ್ಪಲಿ ಬಾಗಿಲಲ್ಲೇ ಬಿಡುವುದು. ಧೃತಿಯ ಬೂಟು ಅವರ ಬಾಗಿಲ ಹೊರಗಿತ್ತು. ನಾನು ಮಂಡಿಯೂರಿ, ಕೈಯನ್ನು ಬೂಟಿನೊಳಗೆ ತೂರಿಸಿ ಗೇಣು ಹಾಕುತ್ತಿದ್ದಾಗ ಎದುರುಮನೆಯ ಸ್ವೀಡಿಷ್ ಹೆಂಗಸು ಬಾಗಿಲು ತೆಗೆದಳು. ಎಪ್ಪತ್ತು ದಾಟಿದ ಹೆಂಗಸೊಬ್ಬಳು ಮಕ್ಕಳ ಬೂಟಿನಲ್ಲಿ ಮೊಣಕೈವರೆಗೆ ಇಳಿದಿರುವುದನ್ನು ನೋಡಿಯೂ ಅವಳು "ಹೇ ಹೇ" ಎಂದು ನಮಸ್ಕಾರ ಹೇಳಿ ಲಿಫ್ಟ್ ಹತ್ತಿದಳು. ಇಲ್ಲಿನವರ ಈ ಏನೂ ಕೇಳದ ಸಭ್ಯತೆ ನನಗೆ ಅವತ್ತು ಅರ್ಥವಾದಷ್ಟು ಹಿಂದೆಂದೂ ಆಗಿರಲಿಲ್ಲ.

ವನಜಾಳ ನೆಲಮಾಳಿಗೆಯಲ್ಲಿದ್ದ ಅವಳ ಮೊಮ್ಮಗಳ ಸ್ಕೇಟ್ಸ್ ಬಿಳಿಯವು. ಮುಂದೆ ಒಂದಿಷ್ಟು ಹತ್ತಿ ತುರುಕಿದರೆ ಸರಿಹೋಗುವಂತಿದ್ದವು. ಅರಬ್ಬರ ಅಂಗಡಿಯಲ್ಲಿ ಎಳ್ಳು ಸಿಕ್ಕಿತು, ಬೆಲ್ಲ ಸ್ಟಾಕ್‌ಹೋಮಿನಿಂದ ಬಂತು, ಸಕ್ಕರೆ ಅಚ್ಚನ್ನು ವನಜಾಳೇ ಮಾಡಿದಳು. ಕಬ್ಬು ಸಿಗಲಿಲ್ಲ. ಅದರ ಜಾಗದಲ್ಲಿ ಪೋಲ್ಕಗ್ರೀಸ್ ಇಟ್ಟೆವು, ಕೆಂಪು ಬಿಳಿ ಪಟ್ಟೆಯ ಈ ದೇಶದ ಸಕ್ಕರೆ ಕಡ್ಡಿ. ಉದ್ದಕ್ಕಿದೆ, ಸಿಹಿಯಿದೆ, ಇನ್ನೇನು ಬೇಕು ಎಂದಳು ವನಜಾ. ಸ್ಕೇಟ್ಸನ್ನು ಹಸಿರು ರವಿಕೆ ಕಣದಲ್ಲಿ ಸುತ್ತಿದೆವು. ಬ್ಲೇಡ್ ಎರಡು ಕಡೆ ಇಣುಕುತ್ತಿತ್ತು, ಬಾಗಿನದ ಮೊರದಲ್ಲಿ ಮೀನು ಇಟ್ಟ ಹಾಗೆ.

ಲತಾ ಸೆರಗೊಡ್ಡಿ ತೆಗೆದುಕೊಂಡಳು. ಬಗ್ಗಿ ವನಜಾಗೆ ನಮಸ್ಕಾರ ಮಾಡಿದಳು. ಆಮೇಲೆ, ಕೋಟು ಹುಡುಕುವ ನೆಪದಲ್ಲಿ ಹಿಂದೆ ಸರಿದಿದ್ದ ನನ್ನ ಹತ್ತಿರ ಬಂದು ನನಗೂ ಮಾಡಿ, ಕುಂಕುಮದ ಬಟ್ಟಲನ್ನು ನನ್ನ ಮುಂದೆ ಹಿಡಿದಳು. "ನೀವೂ ಇಡ್ರಿ ಆಂಟಿ, ಧೃತಿಗೆ," ಎಂದಳು. ಇಟ್ಟೆ. ವನಜಾ ಆಗ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ಗೆದ್ದೆವು ಎಂದುಕೊಂಡು ಮೆಟ್ಟಿಲಿಳಿದೆವು.

ಮುಂದಿನ ಬುಧವಾರ ಕಾಫಿ ಹಿಡಿದು ನೆಮ್ಮದಿಯಾಗಿ ಕೂತೆ.

ದಪ್. ದಪ್. ಧಡ್.

ಕಾಫಿ ಅಲ್ಲೇ ಬಿಟ್ಟು ಮೇಲೆ ಓಡಿದೆ. ಅವತ್ತು ಲತಾಗೆ ರಜೆ. ಶಿವಕುಮಾರ್ ಹಾಲಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದ. ಧೃತಿ ಒಂಟಿಕಾಲಲ್ಲಿ ನಿಂತಿದ್ದಳು. ಸ್ಕೇಟ್ಸ್ ಎಲ್ಲಿ ಎಂದು ಕೇಳಲು ಬಾಯಿ ತೆರೆದವಳು ದೇವರ ಗೂಡು ನೋಡಿ ಸುಮ್ಮನಾದೆ. ಗಣಪತಿಯ ಬಲಕ್ಕೆ ಒಂದು, ಎಡಕ್ಕೆ ಒಂದು. ಸ್ಕೇಟ್ಸಿನ ಮೂಗಿನ ಮೇಲೆ ಅರಿಶಿನ, ಕುಂಕುಮ. ತುದಿಯಲ್ಲಿ ಒಂದೊಂದು ಟ್ಯುಲಿಪ್ ಹೂವು.

"ಲತಾ, ಏನಮ್ಮ ಇದು?"

"ಅರಿಶಿನ ಕುಂಕುಮದ ಜೊತಿಗೆ ಹಬ್ಬದ ದಿನ ಕೊಟ್ಟಿದ್ದು ಆಂಟಿ. ಕಾಲಿಗೆ ಹೆಂಗ್ ಹಾಕ್ಸೋದು ಹೇಳ್ರಿ?"

ಬೇರೆ ಯಾವ ದೇಶದವರಿಗೂ ಹೊಳೆಯದ ಉಪಾಯ ನಮ್ಮದು. ಅದು ಬೇರೆ ಯಾವ ದೇಶದವರಿಗೂ ಆಗದ ರೀತಿಯಲ್ಲಿ ಕೆಟ್ಟಿತ್ತು. ವನಜಾಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ವಿಷಯ ಕೇಳಿ ಆ ಕಡೆಯಿಂದ ಮಾತೇ ಇಲ್ಲ. ಇಷ್ಟು ವರ್ಷಗಳ ಸ್ನೇಹದಲ್ಲಿ ವನಜಾ ಸುಮ್ಮನಾದದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಅವಳು ಹೇಳೋದ್ರಲ್ಲೂ ಪಾಯಿಂಟ್ ಇದೆ ಕಣೇ," ಎಂದಳು ಕೊನೆಗೆ, ಸಣ್ಣ ದನಿಯಲ್ಲಿ.

ಆಗ ಧೃತಿ ಸ್ವೀಡಿಷಿನಲ್ಲಿ ಏನೋ ಅಂದಳು. ಅಪ್ಪ ತಲೆಯೆತ್ತಲಿಲ್ಲ. ಅವಳು ಎಲ್ಲರಿಗೂ ತಿಳಿಯಲಿ ಎಂದು ಮತ್ತೆ ಹೇಳಿದಳು: "ಆಯುಧಪೂಜೆಗೆ ಪಪ್ಪನ ಲ್ಯಾಪ್‌ಟಾಪ್‌ಗೂ ಅಮ್ಮ ಕುಂಕುಮ ಇಟ್ರಲ್ಲ. ಆ್ಯಂಡ್ ಹೀ ಸ್ಟಿಲ್ ಲಾಗ್ಡ್ ಇನ್. ನನ್ನ ಸೈಕಲ್‌ಗೂ ಇಟ್ರು. ಐ ಸ್ಯಾಟ್ ಆನ್ ಇಟ್."

ಶಿವಕುಮಾರನ ಭುಜ ಅಲುಗಲು ಶುರುವಾಯಿತು. ನಗುತ್ತಿದ್ದಾನೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ಅದಕ್ಕೇ ಇರಬೇಕು ಕೆಲಸ ಹೋಗಿದ್ದು," ಎಂದ.

"ಥೂ, ಬಿಡ್ತು ಅನ್ರಿ," ಎಂದಳು ಲತಾ. ಅಂದವಳು ತಾನೂ ನಕ್ಕಳು.

ಅದಾದಮೇಲೆ ಅವನು ಮಾತಾಡಿದ. ಸ್ಕೂಲಿನಲ್ಲಿ ಸ್ಕೇಟ್ಸ್ ಕೇಳಿದರೆ ಯಾಕಿಲ್ಲ ಎನ್ನುತ್ತಾರೆ, ಕೆಲಸ ಹೋದದ್ದು ಗೊತ್ತಾಗುತ್ತದೆ, ಅಲ್ಲಿಂದ ಪರ್ಮಿಟ್ ಆಫೀಸಿಗೆ ಸುದ್ದಿ ಹೋಗುತ್ತದೆ ಎಂಬುದು ಅವನ ಭಯ. ಇಷ್ಟು ವರ್ಷ ಈ ಊರಿನ ಸ್ಟಾಫ್ ರೂಮುಗಳಲ್ಲಿ ಫೀಕಾಗೆ, ಅಂದರೆ ಇಲ್ಲಿನವರ ಕಾಫಿ ಹೊತ್ತಿಗೆ, ಕೂತವಳು ನಾನು. ಆ ಕಾಫಿಯ ಮೇಲೆ ಪ್ರಮಾಣ ಮಾಡಿ ಹೇಳಿದೆ: "ಇಲ್ಲದವರಿಗೆ ಯಾಕಿಲ್ಲ ಅಂತ ಈ ಸ್ಕೂಲುಗಳಲ್ಲಿ ಯಾರೂ ಕೇಳಲ್ಲಪ್ಪ. ಮಗು ಯಾಕೆ ಬರ್ತಿಲ್ಲ ಅಂತ ಮಾತ್ರ ಕೇಳ್ತಾರೆ. ಬುಧವಾರ ಬುಧವಾರವೇ ಬರೋ ಜ್ವರ ಅವರಿಗೆ ಅರ್ಥ ಆಗಲ್ಲ ಅಂದುಕೊಂಡ್ಯಾ?"

"ಹೆಂಗೂ ತಿಂಗಳ ಕೊನೆಗೆ ಕಳಿಸಿಬಿಡ್ತೀನಲ್ಲ ಆಂಟಿ."

"ಕಳಿಸಿದ್ರೆ ಒಂದು ವರ್ಷ ಹೋಗುತ್ತೆ ಮಗೂದು. ನಿನ್ನ ಕೆಲಸ ಒಂದು ತಿಂಗಳು ತಡವಾಗಿ ಸಿಗಬಹುದು. ಅವಳ ಮೂರನೇ ಕ್ಲಾಸು ತಡವಾಗಿ ಸಿಗಲ್ಲ. ಸ್ಕೂಲಿಂದ ಬಂದಮೇಲೆ ಲತಾ ಬರೋವರೆಗೂ ನನ್ನ ಮನೇಲಿರಲಿ. ಊಟ ಅಲ್ಲೇ. ನಿಂಗೆ ಇಂಟರ್‌ವ್ಯೂಗೆ ಮನೆ ಖಾಲಿ ಸಿಗುತ್ತೆ, ನಂಗೆ ಈ ದಪ್ ದಪ್ ತಪ್ಪುತ್ತೆ." ಈ ಸಲ ಸಿಟ್ಟು ಬೆರೆಸಿದ್ದೆ. ಸಿಸ್ಟರ್ ಬೆನಿಟಾ ಪೂರ್ತಿ ಮಾರ್ಕ್ಸ್ ಕೊಡುತ್ತಿದ್ದರು.

ಅವನು ಲ್ಯಾಪ್‌ಟಾಪ್ ಮುಚ್ಚಿದ. ಆಮೇಲೆ ಎದ್ದು, ಕೈಮುಗಿದು, ದೇವರ ಗೂಡಿನಿಂದ ಸ್ಕೇಟ್ಸ್ ಇಳಿಸಿದ. ಟ್ಯುಲಿಪ್ ತೆಗೆದು ಲತಾಳ ಕೈಗೆ ಕೊಟ್ಟ. "ಮುಂದಿನ ಬುಧವಾರ ನಾನೇ ಕರ್ಕೊಂಡು ಹೋಗ್ತೀನಿ," ಎಂದ.

ಆ ಬುಧವಾರ ನಾನೂ ಹೋದೆ. ಐಸ್ ರಿಂಕಿನ ಕಟಕಟೆಯ ಈ ಕಡೆ, ಥರ್ಮೋಸ್ ಹಿಡಿದು. ಧೃತಿ ಬಿದ್ದಳು. ಎದ್ದಳು. ಮತ್ತೆ ಬಿದ್ದಳು. ಸ್ವೀಡಿಷ್ ಮಕ್ಕಳು ಹುಟ್ಟುವಾಗಲೇ ಸ್ಕೇಟ್ಸ್ ಹಾಕಿಕೊಂಡು ಬಂದವರಂತೆ ಅವಳ ಸುತ್ತ ಜಾರುತ್ತಿದ್ದರು. ಶಿವಕುಮಾರ್ ಕಟಕಟೆಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ನೋಡಿದವರು ಜಾರುತ್ತಿರುವುದು ಅವನೇ ಅಂದುಕೊಳ್ಳಬೇಕು. ಕುಂಕುಮವನ್ನು ಲತಾ ಒರೆಸಲು ಬಿಟ್ಟಿರಲಿಲ್ಲ. ಬಿಳಿ ಬೂಟಿನ ಮೇಲಿನ ಕೆಂಪು ಚುಕ್ಕೆ ನೋಡಿ ಒಬ್ಬಳು ಹುಡುಗಿ ಅದೇನೆಂದು ಕೇಳಿದಳು. ಬ್ರೇಕ್, ಎಂದಳು ಧೃತಿ, ಬಿದ್ದಲ್ಲಿಂದಲೇ. ಅದಕ್ಕೂ ಮುಂದಿನ ವಾರ ಲತಾಳ ಕುಂಕುಮದ ಭರಣಿ ಸ್ಕೂಲ್ ಬ್ಯಾಗಿನಲ್ಲಿ ಹೋಯಿತು. ಅರ್ಧ ಕ್ಲಾಸಿನ ಸ್ಕೇಟ್ಸಿಗೆ ಬ್ರೇಕ್ ಬಂತು. ಟೀಚರಮ್ಮ ತನ್ನ ಬೂಟನ್ನೂ ಮುಂದೆ ಚಾಚಿದಳಂತೆ. ಜ್ವರದ ಬಗ್ಗೆ ಅವಳು ಒಂದು ಮಾತೂ ಎತ್ತಲಿಲ್ಲ.

ಸ್ಕೂಲು ಮುಗಿದಮೇಲೆ ಧೃತಿ ನನ್ನ ಮನೆಗೆ ಬರತೊಡಗಿದಳು. ಅನ್ನ ಸಾರು ಉಂಡು, ನನಗೆ ಸ್ವೀಡಿಷಿನ ಉಚ್ಚಾರ ತಿದ್ದಿ, ನನ್ನ ಹಳೆಯ ಅಕ್ಷರಮಾಲೆಯ ಚಾರ್ಟನ್ನು ನೆಲಕ್ಕೆ ಹಾಸಿ ಅದರ ಮೇಲೇ ಕುಂಟುತ್ತಿದ್ದಳು. ಅ ಒಂಟಿಕಾಲು, ಆ ಒಂಟಿಕಾಲು, ಅಃ ಬಂದರೆ ಧಡ್. ಅಕ್ಷರದ ಮೇಲೆ ಕಾಲಿಡಬಾರದೆಂದು ಗದರಿಸಲು ಹೊರಟವಳು ಸ್ಕೇಟ್ಸಿನ ಕತೆ ನೆನೆದು ಸುಮ್ಮನಾದೆ. ಕನ್ನಡವಂತೂ ಬಂತು. ದಪ್ ದಪ್ ಮಾತ್ರ ತಪ್ಪಲಿಲ್ಲ, ಸೂರಿನಿಂದ ನೆಲಕ್ಕಿಳಿಯಿತು ಅಷ್ಟೇ. ಕೆಳಗಿನ ಮನೆಯ ಸ್ವೀಡಿಷ್ ಮುದುಕರು ಮೆಟ್ಟಿಲಲ್ಲಿ ಸಿಕ್ಕರೆ "ಹೇ ಹೇ" ಎನ್ನುತ್ತಿದ್ದರು, ಬೇರೇನೂ ಕೇಳುತ್ತಿರಲಿಲ್ಲ.

ತಿಂಗಳ ಕೊನೆಗೆ ದಾವಣಗೆರೆಗೆ ಯಾರೂ ಹೋಗಲಿಲ್ಲ. ಗಡುವು ಇನ್ನೇನು ಮುಗಿಯುತ್ತದೆ ಎನ್ನುವಾಗ ಶಿವಕುಮಾರ್ ಮೆಟ್ಟಿಲನ್ನು ಮೂರು ಮೂರಾಗಿ ಹಾರಿಕೊಂಡು ಇಳಿದು ನನ್ನ ಬಾಗಿಲು ಬಡಿದ. ಗೋಥೆನ್‌ಬರ್ಗಿನ ಲಿಂಡ್‌ಹೋಲ್ಮೆನ್‌ನಲ್ಲಿ ಕೆಲಸ ಸಿಕ್ಕಿತ್ತು, ಕಾರುಗಳೊಳಗೆ ಇರುವ ಸಾಫ್ಟ್‌ವೇರಿನದು. ಅವನು ಮೊದಲು ಒಬ್ಬನೇ ಹೋಗಿ ಯಾರದೋ ರೂಮು ಹಂಚಿಕೊಂಡಿದ್ದ. ತಾಯಿ ಮಗಳು ಜೂನಿನವರೆಗೆ ಇಲ್ಲೇ ಇದ್ದರು, ಮೂರನೇ ಕ್ಲಾಸು ಮುಗಿಯಲೆಂದು. ಕೊನೆಯ ದಿನ ಸ್ಕೂಲಿನ ಅಂಗಳದಲ್ಲಿ ಮಕ್ಕಳೆಲ್ಲ ಹೂವಿನ ಕಿರೀಟ ಹಾಕಿ ಹಾಡಿದರು. ವನಜಾ ಅತ್ತಳು. ಧೂಳು ಎಂದಳು. ಸ್ವೀಡನ್ನಿನಲ್ಲಿ ಧೂಳೆಲ್ಲಿಂದ ಬಂತೆಂದು ನಾನು ಕೇಳಲಿಲ್ಲ. ಇಲ್ಲಿ ಇದ್ದೂ ಇದ್ದೂ ನನಗೂ ಆ ಸಭ್ಯತೆ ಸ್ವಲ್ಪ ಬಂದಿದೆ.

ಧೃತಿಯನ್ನು ನಾನು ಕೊನೆಯ ಸಲ ನೋಡಿದ್ದು ರೈಲ್ವೆ ಸ್ಟೇಷನ್ನಿನಲ್ಲಿ. ಒಳ್ಳೆಯ ಬಿಸಿಲು, ಜನ ಐಸ್‌ಕ್ರೀಮ್ ತಿನ್ನುತ್ತಿದ್ದರು, ಇವಳ ಕೊರಳಲ್ಲಿ ಲೇಸಿನಿಂದ ಕಟ್ಟಿದ ಸ್ಕೇಟ್ಸ್ ನೇತಾಡುತ್ತಿದ್ದವು. ಸೂಟ್‌ಕೇಸಿನಲ್ಲಿ ಹಾಕೋಣವೆಂದರೆ ಒಪ್ಪಿರಲಿಲ್ಲ. ಕುಂಕುಮ ಮಾಸಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಪ್ಲಾಟ್‌ಫಾರ್ಮಿಗೆ ಚೌಕ ಚೌಕದ ಕಲ್ಲು ಹಾಸಿದ್ದರು. ಲತಾ ನನ್ನ ಕಾಲಿಗೆ ಬಗ್ಗಿದ್ದಾಗ, ವನಜಾ ಚಕ್ಕುಲಿಯ ಡಬ್ಬಿಯನ್ನು ಶಿವಕುಮಾರನ ಕೈಗೆ ತುರುಕುತ್ತಿದ್ದಾಗ, ಇವಳು ಎಡಗಾಲು ಮಡಚಿ ಆಗಲೇ ಹೊರಟಿದ್ದಳು.

"ಕಾಲು ಊರಿ ನಡಿಯೇ, ರೈಲು ಬಂತು," ಎಂದು ಲತಾ ಕೂಗಿದಳು.

ಅವಳು ಊರಲಿಲ್ಲ. ಒಂದು ಕಲ್ಲು, ಇನ್ನೊಂದು ಕಲ್ಲು, ಎದೆಯ ಮೇಲೆ ಬ್ಲೇಡಿಗೆ ಬ್ಲೇಡು ತಾಗಿ ಟಿಣ್ ಟಿಣ್. ರೈಲಿನ ಬಾಗಿಲ ಮುಂದೆ ನಿಂತು, ತಿರುಗಿ ನನ್ನನ್ನು ನೋಡಿ, ಗೆರೆ ತುಳಿದಿಲ್ಲ ತಾನೇ ಎಂದು ಹುಬ್ಬಿನಲ್ಲೇ ಕೇಳಿದಳು. ಇಲ್ಲ ಎಂದು ತಲೆಯಾಡಿಸಿದೆ. ಆಮೇಲೆ ಒಂದೇ ಸಲಕ್ಕೆ ಜಿಗಿದು, ರೈಲಿನೊಳಗೆ ಎರಡೂ ಕಾಲು ಊರಿದಳು.